ವಾಲೇಸ್ ಕ್ಯಾರೊದರ್ಸನ ಜೀವನ ಚರಿತ್ರೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳಿಂದ ನಮ್ಮ ಶಾಲೆಗೆ ಬರುವ ಬಾಲಿಕೆಯರಲ್ಲಿ ಹಿಪ್ಪುನೇರಳೆಯ ತೋಟವನ್ನೂ ರೇಷ್ಮೆಯ ಹುಳುವನ್ನೂ ಕಾಣದವರು ವಿರಳ. ಸೊಪ್ಪನ್ನು ತಿಂದು, ನಾಲ್ಕು ಜ್ವರಗಳನ್ನು ಕಳೆದು, ಹಣ್ಣಾದ ಹುಳುವು ಚಂದ್ರಿಕೆಯನ್ನು ಸೇರಿ, ತನ್ನ ಬಾಯಿಂದ ಹೊರಟ ದ್ರವವನ್ನು ನೂಲಾಗಿ ಎಳೆದು ಗೂಡು ಕಟ್ಟುವುದನ್ನು ಅವರಲ್ಲಿ ಅನೇಕರು ನೋಡಿರುತ್ತಾರೆ. ಆದರೆ ಸೊಪ್ಪು ನೂಲಾಗುವುದೆಂತು, ಆ ನೂಲಿಗೆ ಅಷ್ಟು ಬಲವು ಎಲ್ಲಿಂದ ಬಂದಿತು ಎಂದು ಕೇಳಿದವರು ಕೆಲವರೇ. ಈ ಪ್ರಶ್ನೆಯನ್ನು ಕೇಳಿ, ಅದರ ಉತ್ತರವನ್ನು ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದವರಲ್ಲಿ ಅಗ್ರಗಣ್ಯನು ಅಮೆರಿಕಾ ದೇಶದ ರಸಾಯನ ಶಾಸ್ತ್ರಜ್ಞನಾದ ವಾಲೇಸ್ ಹ್ಯೂಮ್ ಕ್ಯಾರೊದರ್ಸ್. ನೈಲಾನಿನ ನಿರ್ಮಾಪಕನೆಂದು ಲೋಕವು ಆತನನ್ನು ಬಲ್ಲದು. ಆದರೆ ಆತನು ಪ್ರಯೋಜನವಿಲ್ಲವೆಂದು ಬದಿಗಿರಿಸಿದ ಒಂದು ಕೆಲಸವೂ ಇದೆ. ಅದು ಆತನ ಕಾಲವಾದ ಎಷ್ಟೋ ವರ್ಷಗಳ ಮೇಲೆ ರೋಗಿಗಳಿಗೆ ಉಪಕಾರಿಯಾಗಿ ಪರಿಣಮಿಸಿತು. ಆ ಕೆಲಸವನ್ನೂ ಆತನ ಬಾಳಿನ ಸುಖದುಃಖಗಳನ್ನೂ ಈ ಸಂಚಿಕೆಯ ವಾಚಕರಿಗೆ ನಿರೂಪಿಸಲು ನಾವು ಉದ್ಯುಕ್ತರಾಗಿದ್ದೇವೆ.

ಕ್ಯಾರೊದರ್ಸನು 1896ನೆಯ ಇಸವಿ ಏಪ್ರಿಲ್ 27ರಂದು ಅಯೋವಾ ಸಂಸ್ಥಾನದ ಬರ್ಲಿಂಗ್‌ಟನ್ ಎಂಬ ಊರಿನಲ್ಲಿ ಜನಿಸಿದನು. ನಾಲ್ವರು ಮಕ್ಕಳಲ್ಲಿ ಈತನೇ ಹಿರಿಯನು. ತಂದೆಯಾದ ಐರಾ ಕ್ಯಾರೊದರ್ಸನು ಡಿ ಮೊಯಿನ್ ನಗರದ ವಾಣಿಜ್ಯ ಕಾಲೇಜೊಂದರಲ್ಲಿ ಉಪಾಧ್ಯಾಯನಾಗಿದ್ದನು. ತಾಯಿಯ ಹೆಸರು ಮೇರಿ. ಸಾಮಾನ್ಯ ಸ್ಥಿತಿಯ ಈ ಮನೆಯಲ್ಲಿ ಹಿಡಿದ ಕೆಲಸವನ್ನು ಪೂರ್ತಿಮಾಡದೆ ಬಿಡಬಾರದೆಂಬ ಶಿಸ್ತು ಇತ್ತು. ತನ್ನ ತಂಗಿಯರಲ್ಲಿ ಒಬ್ಬಳಾದ ಇಸೊಬೆಲ್‌ಳ ಮೇಲೆ ವಾಲೇಸನಿಗೆ ವಿಶೇಷ ಮಮತೆ. ಆಕೆಯು ಮುಂದೆ ರೇಡಿಯೋ ಕಾರ್ಯಕ್ರಮಗಳಲ್ಲಿ ಹೆಸರು ಪಡೆದಳು. ವಾಲೇಸನಿಗೆ ಸಂಗೀತವೆಂದರೆ ಬಲು ಪ್ರೀತಿ. ಆತನು ಮಿತಭಾಷಿ, ಸಂಕೋಚ ಸ್ವಭಾವದವನು, ಪುಸ್ತಕಪ್ರಿಯನು.

1914ರಲ್ಲಿ ಹೈಸ್ಕೂಲನ್ನು ಮುಗಿಸಿದ ಮೇಲೆ ತಂದೆಯ ಇಚ್ಛೆಯಂತೆ ಲೆಕ್ಕಪತ್ರದ ವಿದ್ಯೆಯನ್ನು ಕಲಿತನು. 1915ರಲ್ಲಿ ಮಿಸ್ಸೌರಿ ಸಂಸ್ಥಾನದ ಟಾರ್ಕಿಯೊ ಕಾಲೇಜನ್ನು ಸೇರಿದನು. ಇದು ಪ್ರೆಸ್ಬಿಟೇರಿಯನ್ ಸಭೆಯವರು ನಡೆಸುತ್ತಿದ್ದ ಒಂದು ಸಣ್ಣ ವಿದ್ಯಾಸಂಸ್ಥೆ. ವಾಲೇಸನು ವಾಣಿಜ್ಯ ವಿಭಾಗದಲ್ಲಿ ಸಹಾಯಕನಾಗಿ ದುಡಿಯುತ್ತ ತನ್ನ ವ್ಯಾಸಂಗವನ್ನು ನಡೆಸಿದನು. ರಸಾಯನ ಶಾಸ್ತ್ರದ ಅಧ್ಯಾಪಕನು ಬೇರೆ ಕಡೆಗೆ ಹೊರಟುಹೋದಾಗ ಕಾಲೇಜಿನವರು ಬದಲಿಗೆ ಯಾರನ್ನೂ ಕಾಣದೆ, ಇನ್ನೂ ವಿದ್ಯಾರ್ಥಿಯಾಗಿದ್ದ ಈತನನ್ನೇ ಆ ಸ್ಥಾನದಲ್ಲಿ ನಿಲ್ಲಿಸಿದರು. ತನ್ನ ಓರಗೆಯವರಿಗೆ ಪಾಠ ಹೇಳುವುದು ಸುಲಭವಾದ ಕೆಲಸವಲ್ಲ. ಆದರೂ ಆಗ ರಸಾಯನ ಶಾಸ್ತ್ರವನ್ನು ಮುಖ್ಯ ವಿಷಯವಾಗಿ ಅಭ್ಯಸಿಸುತ್ತಿದ್ದ ಅಂತಿಮ ತರಗತಿಯ ನಾಲ್ವರೂ ತರುವಾಯ ಡಾಕ್ಟರ್ ಪದವಿಯನ್ನು ಪಡೆದರೆಂಬುದೇ ಈತನ ಬೋಧನೆಗೆ ಸಾಕ್ಷಿಯಾಗಿದೆ. ಉಪಾಧ್ಯಾಯಿನಿಯರಾದ ನಮಗೆ ಈ ಸಂಗತಿಯು ಬಹು ಹರ್ಷವನ್ನುಂಟುಮಾಡುತ್ತದೆ.

1920ರಲ್ಲಿ ಟಾರ್ಕಿಯೊವನ್ನು ಬಿಟ್ಟು ಇಲಿನಾಯ್ ವಿಶ್ವವಿದ್ಯಾನಿಲಯವನ್ನು ಸೇರಿ, ಮರುವರ್ಷವೇ ಎಂ. ಎ. ಪದವಿಯನ್ನು ಗಳಿಸಿದನು. ಕೈಯಲ್ಲಿ ಹಣವಿಲ್ಲದುದರಿಂದ ಒಂದು ವರ್ಷ ದಕ್ಷಿಣ ಡಕೋಟಾದಲ್ಲಿ ಅಧ್ಯಾಪಕನಾಗಿದ್ದು, ಮತ್ತೆ ಇಲಿನಾಯ್‌ಗೆ ಬಂದು, ರೋಜರ್ ಆಡಮ್ಸ್ ಎಂಬ ವಿಖ್ಯಾತ ಆಚಾರ್ಯನ ಬಳಿ 1924ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು. 1926ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಆತನನ್ನು ಬರಮಾಡಿಕೊಂಡಿತು. ಆದರೆ ದೊಡ್ಡ ಸಭಾಂಗಣದಲ್ಲಿ ನಿಂತು ಉಪನ್ಯಾಸ ಕೊಡುವುದು ಆತನಿಗೆ ಸಂಕಟವಾಗುತ್ತಿತ್ತು. ಪ್ರಯೋಗಶಾಲೆಯ ಏಕಾಂತವೇ ಆತನಿಗೆ ಹಿತವಾಗಿತ್ತು.

ಅದೇ ಸಮಯಕ್ಕೆ ಡುಪಾಂಟ್ ಕಂಪೆನಿಯವರು ಡೆಲವೇರ್ ಸಂಸ್ಥಾನದ ವಿಲ್ಮಿಂಗ್‌ಟನ್ ಪಟ್ಟಣದ ಬಳಿಯಿದ್ದ ತಮ್ಮ ಪ್ರಯೋಗಶಾಲೆಯಲ್ಲಿ ಹೊಸ ಪದ್ಧತಿಯೊಂದನ್ನು ಆರಂಭಿಸಿದರು. ಕೂಡಲೇ ಮಾರಾಟಕ್ಕೆ ಬರುವ ವಸ್ತುವನ್ನು ಬಯಸದೆ, ಕೇವಲ ಜ್ಞಾನಾರ್ಜನೆಗಾಗಿ ಸಂಶೋಧನೆ ನಡೆಸುವುದೇ ಆ ಪದ್ಧತಿ. ಅದರ ಒಂದು ಶಾಖೆಗೆ ನಾಯಕನಾಗಬೇಕೆಂದು ಕ್ಯಾರೊದರ್ಸನಿಗೆ ಕರೆ ಬಂದಿತು. ಆತನು ಮೊದಲು ನಿರಾಕರಿಸಿದನು. ತನಗೆ ಆಗಾಗ್ಗೆ ಮನಸ್ಸು ಕುಗ್ಗುವ ವ್ಯಾಧಿಯುಂಟೆಂದೂ, ವ್ಯಾಪಾರಸ್ಥರ ನಡುವೆ ಅದು ಹೆಚ್ಚಿನ ತೊಡಕಾಗಬಹುದೆಂದೂ ಮರೆಮಾಚದೆ ತಿಳಿಸಿದನು. ಕಂಪೆನಿಯವರು ಪುನಃ ಒತ್ತಾಯಪಡಿಸಲಾಗಿ, 1928ರ ಫೆಬ್ರವರಿಯಲ್ಲಿ ಅಲ್ಲಿ ಕೆಲಸಕ್ಕೆ ಸೇರಿದನು.

ಆಗ ಪಂಡಿತರಲ್ಲಿ ಒಂದು ದೊಡ್ಡ ವಿವಾದ ನಡೆಯುತ್ತಿತ್ತು. ರೇಷ್ಮೆ, ಹತ್ತಿ, ರಬ್ಬರು, ಅಕ್ಕಿಯ ಗಂಜಿಯಲ್ಲಿರುವ ಪಿಷ್ಟ ಇವುಗಳೆಲ್ಲ ಏತರಿಂದಾದುವು? ಸಣ್ಣ ಅಣುಗಳು ಯಾವುದೋ ವಿಚಿತ್ರವಾದ ಆಕರ್ಷಣೆಯಿಂದ ಗುಂಪುಗೂಡಿವೆಯೆಂದು ಬಹುಮಂದಿ ನಂಬಿದ್ದರು. ಹಾಗಲ್ಲ, ಸಾವಿರಾರು ಕೊಂಡಿಗಳು ಸಾಮಾನ್ಯ ರಾಸಾಯನಿಕ ಬಂಧದಿಂದಲೇ ಕೂಡಿ ಒಂದೊಂದು ಮಹಾ ಅಣುವಾಗಿವೆಯೆಂದು ಜರ್ಮನಿಯ ಹರ್ಮನ್ ಸ್ಟೌಡಿಂಗರನು 1920ರಿಂದ ಸಾರುತ್ತಿದ್ದನು. ಇಂಥ ಸರಪಣಿಯಂತಹ ಅಣುಗಳಿಗೆ ಪಾಲಿಮರ್ ಎಂದು ಹೆಸರು. ವಾದದಿಂದ ಇದು ಬಗೆಹರಿಯಲಾರದೆಂದು ಕಂಡ ಕ್ಯಾರೊದರ್ಸನು, ಎಲ್ಲರೂ ಬಲ್ಲ ಸರಳವಾದ ಕ್ರಿಯೆಗಳಿಂದಲೇ ಕೊಂಡಿಗೆ ಕೊಂಡಿ ಸೇರಿಸಿ ಸರಪಣಿಯನ್ನು ಕಟ್ಟಿ ತೋರಿಸಲು ನಿಶ್ಚಯಿಸಿದನು.

ಅದರ ರೀತಿಯನ್ನು ನಮ್ಮ ಬಾಲಿಕೆಯರು ಹೀಗೆ ಭಾವಿಸಿಕೊಳ್ಳಬಹುದು. ಆಟದ ಬಯಲಿನಲ್ಲಿ ಹುಡುಗಿಯರು ಕೈ ಕೈ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಎರಡು ಕೈಗಳುಳ್ಳವರು ಮಾತ್ರ ಸಾಲನ್ನು ಬೆಳೆಸಬಲ್ಲರು. ಒಂದೇ ಕೈಯನ್ನು ಚಾಚಿದವಳು ಸಾಲಿನ ತುದಿಯಾಗಿ ನಿಲ್ಲುತ್ತಾಳೆ. ಹಾಗೆಯೇ ಎರಡು ತುದಿಗಳಲ್ಲಿಯೂ ಆಮ್ಲದ ಗುಣವುಳ್ಳ ಅಣುವನ್ನೂ, ಎರಡು ತುದಿಗಳಲ್ಲಿಯೂ ಆಲ್ಕೊಹಾಲಿನ ಗುಣವುಳ್ಳ ಅಣುವನ್ನೂ ಬೆರೆಸಿ ಕಾಯಿಸಿದರೆ, ಪ್ರತಿಯೊಂದು ಜೋಡಣೆಯಲ್ಲಿಯೂ ಒಂದು ನೀರಿನ ಅಣುವು ಹೊರಬಿದ್ದು ಎಸ್ಟರ್ ಎಂಬ ಬಂಧವುಂಟಾಗುತ್ತದೆ. ಹೊರಬಿದ್ದ ನೀರು ಅಲ್ಲಿಯೇ ಉಳಿದರೆ ಬಂಧಗಳನ್ನು ಮತ್ತೆ ಬಿಡಿಸುವುದರಿಂದ ಸರಪಣಿಯು ಗಿಡ್ಡಾಗಿಯೇ ನಿಲ್ಲುವುದು. ಆದುದರಿಂದ ಕ್ಯಾರೊದರ್ಸನೂ ಆತನ ಸಹಾಯಕನಾದ ಜೂಲಿಯನ್ ಹಿಲ್ಲನೂ ಗಾಳಿಯನ್ನು ಹೀರಿ ತೆಗೆದ ಭಟ್ಟಿಯಂತ್ರವೊಂದನ್ನು ಬಳಸಿ ನೀರನ್ನು ಕೊನೆಯ ಹನಿಯವರೆಗೂ ಎಳೆದುಹಾಕಿದರು. 1930ರ ಏಪ್ರಿಲಿನಲ್ಲಿ, ಜಲಜನಕದ ಒಂದು ಪರಮಾಣುವಿಗೆ ಹೋಲಿಸಿದರೆ ಹತ್ತು ಸಾವಿರ ಪಾಲಿಗೂ ಮಿಕ್ಕ ತೂಕದ ಅಣುಗಳು ದೊರೆತುವು. ಕರಗಿದ ಆ ವಸ್ತುವಿನಲ್ಲಿ ಗಾಜಿನ ಕಡ್ಡಿಯನ್ನದ್ದಿ ಹಿಲ್ಲನು ಮೇಲೆತ್ತಲು ಅದು ನೂಲಾಗಿ ಎದ್ದು ಬಂದಿತು. ತಣ್ಣಗಾದ ನೂಲನ್ನು ಹಿಡಿದು ಜಗ್ಗಿದಾಗ ಅದು ಹಲವು ಪಾಲು ಉದ್ದವಾಗಿ, ರೇಷ್ಮೆಯಂತೆ ಹೊಳಪನ್ನೂ ಬಲವನ್ನೂ ತಾಳಿತು. ಅಡ್ಡಾದಿಡ್ಡಿಯಾಗಿದ್ದ ಸರಪಣಿಗಳು ಎಳೆತದಿಂದ ಒಂದೇ ದಿಕ್ಕಿಗೆ ಸಾಲುಗೊಂಡುದೇ ಇದಕ್ಕೆ ಕಾರಣ. ರೇಷ್ಮೆ ಹುಳುವು ತಲೆಯನ್ನಾಡಿಸುತ್ತ ನೂಲನ್ನು ಎಳೆಯುವಾಗಲೂ ಇದೇ ನಡೆಯುತ್ತದೆ. ಆ ತಿಂಗಳಲ್ಲಿಯೇ ಆತನ ತಂಡದ ಆರ್ನಲ್ಡ್ ಕಾಲಿನ್ಸನ ಕೈಯಲ್ಲಿ ನಿಯೊಪ್ರೀನ್ ಎಂಬ ಕೃತಕ ರಬ್ಬರು ಹುಟ್ಟಿತು.

ಇಷ್ಟಾದರೂ ಎಸ್ಟರಿನ ಆ ನೂಲು ಬಟ್ಟೆಗೆ ಒದಗಲಿಲ್ಲ. ಬಿಸಿನೀರಿನಲ್ಲಿ ಮೆತ್ತಗಾಗುವ ಬಟ್ಟೆಯನ್ನು ಒಗೆಯುವುದೆಂತು, ಇಸ್ತ್ರಿ ಹಾಕುವುದೆಂತು? ಆದರೆ ಕ್ಯಾರೊದರ್ಸನು ಅದನ್ನು ಅಲ್ಲಿಗೇ ಬಿಡದೆ, ಸರಪಣಿಗೂ ಉಂಗುರಕ್ಕೂ ಇರುವ ಸಂಬಂಧವನ್ನು ಶೋಧಿಸತೊಡಗಿದನು. ಒಂದೇ ಅಣುವಿನ ಒಂದು ತುದಿಯಲ್ಲಿ ಆಮ್ಲವೂ ಇನ್ನೊಂದು ತುದಿಯಲ್ಲಿ ಆಲ್ಕೊಹಾಲೂ ಇದ್ದರೆ ಅದು ತನ್ನ ಕೈಯನ್ನು ತಾನೇ ಹಿಡಿದು ಉಂಗುರವಾಗಬಹುದು. ಐದು ಪರಮಾಣುಗಳ ಅಂಥ ಉಂಗುರವು ನೆಮ್ಮದಿಯಾಗಿದ್ದು ಸುಲಭವಾಗಿ ಬಿಚ್ಚದು. ಆರು ಪರಮಾಣುಗಳ ಉಂಗುರವಾದರೋ ಬಿಚ್ಚಿ ಸರಪಣಿಯಾಗುವುದು, ಸರಪಣಿಯಿಂದ ಮತ್ತೆ ಉಂಗುರವೂ ಆಗುವುದು. ಮೊಸರಿನ ಹುಳಿಗೆ ಕಾರಣವಾದ ಲ್ಯಾಕ್ಟಿಕ್ ಆಮ್ಲದ ಎರಡು ಅಣುಗಳು ಕೂಡಿದರೆ ಲ್ಯಾಕ್ಟೈಡ್ ಎಂಬ ಅಂಥ ಉಂಗುರವುಂಟಾಗುತ್ತದೆ. ಇವುಗಳ ವಿಷಯವನ್ನು 1932ರಲ್ಲಿಯೂ, ಏಳು ಪರಮಾಣುಗಳ ಕ್ಯಾಪ್ರೊಲ್ಯಾಕ್ಟೋನಿನ ವಿಷಯವನ್ನು 1934ರಲ್ಲಿಯೂ ಆತನೂ ಆತನ ಸಹೋದ್ಯೋಗಿಗಳೂ ಪ್ರಕಟಿಸಿದರು. ಉಂಗುರ ಬಿಚ್ಚಿ ಸರಪಣಿಯಾಗುವಾಗ ನೀರು ಹೊರಬೀಳುವುದಿಲ್ಲ. ಆದ್ದರಿಂದ ಅದನ್ನು ತೆಗೆಯುವ ಶ್ರಮವೂ ಇಲ್ಲ. ಬಯಲಿನಲ್ಲಿ ಏಳು ಮಂದಿಯ ಪುಟ್ಟ ವೃತ್ತಗಳು ಹಲವು ನಿಂತಿವೆಯೆಂದೆಣಿಸಿರಿ. ಹೊರಗಿನವಳೊಬ್ಬಳು ಬಂದು ಒಂದು ವೃತ್ತದ ಹಿಡಿತವನ್ನು ಬಿಡಿಸಿ ತನ್ನ ಕೈಗೆ ಕೂಡಿಸಿಕೊಂಡರೆ, ಆ ಸಾಲಿನ ಕೊನೆಯವಳ ಕೈ ಬರಿದಾಗುವುದು. ಆ ಬರಿಗೈಯು ಮುಂದಿನ ವೃತ್ತವನ್ನು ಬಿಡಿಸುವುದು. ಹೀಗೆ ಸಾಲು ಬೆಳೆಯುತ್ತ ಹೋಗುವುದು.

ಈ ನೂಲುಗಳೂ ಕಡಮೆ ಶಾಖಕ್ಕೆ ಕರಗಿದುವು, ಇಲ್ಲವೆ ತೇವದಲ್ಲಿ ಕ್ರಮೇಣ ಸಡಿಲವಾದುವು. ಉಡುಪಿಗೆ ಬೇಕಾದ ಬಾಳಿಕೆ ಅವುಗಳಲ್ಲಿರಲಿಲ್ಲ. ಕ್ಯಾರೊದರ್ಸನು ಅವನ್ನು ಬದಿಗಿರಿಸಿ ಎಸ್ಟರಿನ ಬದಲಿಗೆ ಅಮೈಡ್ ಎಂಬ ದೃಢವಾದ ಬಂಧವನ್ನು ಹಿಡಿದನು. ರೇಷ್ಮೆಯಲ್ಲಿರುವುದೂ ಅಂಥ ಬಂಧವೇ. 1935ರ ಫೆಬ್ರವರಿ 28ರಂದು ಆತನ ತಂಡದ ಜೆರಾರ್ಡ್ ಬರ್ಶೆಯು, ಆರಾರು ಇಂಗಾಲದ ಪರಮಾಣುಗಳುಳ್ಳ ಎರಡು ವಸ್ತುಗಳನ್ನು ಕೂಡಿಸಿ, ಸುಮಾರು 260 ಡಿಗ್ರಿ ಶಾಖದವರೆಗೂ ಕರಗದ ಪಾಲಿಮರನ್ನು ತಯಾರಿಸಿದನು. ಇದೇ ಮುಂದೆ ನೈಲಾನ್ ಎಂದು ಪ್ರಖ್ಯಾತವಾಯಿತು.

ಹೊರಗೆ ಕೀರ್ತಿಯು ಬೆಳೆಯುತ್ತಿದ್ದಂತೆ ಒಳಗೆ ಆತನ ಮನಸ್ಸು ಕುಗ್ಗುತ್ತಿದ್ದಿತು. 1936ರಲ್ಲಿ ಹೆಲೆನ್ ಸ್ವೀಟ್‌ಮನ್ ಎಂಬಾಕೆಯನ್ನು ವಿವಾಹವಾದನು. ಅದೇ ವರ್ಷ ಅಮೆರಿಕಾದ ರಾಷ್ಟ್ರೀಯ ವಿಜ್ಞಾನ ಪರಿಷತ್ತಿಗೆ ಚುನಾಯಿತನಾದನು. ಕೈಗಾರಿಕೆಯಲ್ಲಿದ್ದ ಸಾವಯವ ರಸಾಯನ ಶಾಸ್ತ್ರಜ್ಞನೊಬ್ಬನಿಗೆ ಈ ಗೌರವವು ದೊರೆತುದು ಅದೇ ಮೊದಲು. ಆದರೂ ತನ್ನಲ್ಲಿ ಹೊಸ ಭಾವನೆಗಳು ಬತ್ತಿಹೋದುವೆಂದೂ, ತನ್ನ ಬಾಳು ವ್ಯರ್ಥವಾಯಿತೆಂದೂ ಆತನು ನಂಬಿದನು. ಹತ್ತಿರದವರು ವೈದ್ಯರಿಗೆ ತೋರಿಸಿದರು, ಪ್ರವಾಸಕ್ಕೆ ಕಳುಹಿಸಿದರು. ಆ ಕಾಲದ ವೈದ್ಯಕ್ಕೆ ಈ ವ್ಯಾಧಿಯನ್ನು ತಡೆಯುವ ಶಕ್ತಿ ಸಾಲದಾಗಿತ್ತು. 1937ರ ಜನವರಿಯಲ್ಲಿ ಪ್ರೀತಿಯ ತಂಗಿ ಇಸೊಬೆಲ್ ತೀರಿಕೊಂಡಳು. ಆ ದುಃಖದಿಂದ ಆತನು ಚೇತರಿಸಿಕೊಳ್ಳಲಿಲ್ಲ. ಅದೇ ಏಪ್ರಿಲ್ 29ರಂದು, 41 ವರ್ಷಗಳು ತುಂಬಿ ಎರಡು ದಿನಗಳಾಗುವಷ್ಟರಲ್ಲಿ, ಫಿಲಡೆಲ್ಫಿಯಾ ನಗರದಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಆ ನವೆಂಬರಿನಲ್ಲಿ ಜನಿಸಿದ ಮಗಳ ಮುಖವನ್ನು ಆತನು ಕಾಣಲಿಲ್ಲ. 1938ರ ಅಕ್ಟೋಬರ್ 27ರಂದು ನ್ಯೂಯಾರ್ಕ್ ನಗರದಲ್ಲಿ ಸಹಸ್ರಾರು ಮಹಿಳೆಯರ ಸಭೆಯಲ್ಲಿ ನೈಲಾನನ್ನು ಲೋಕಕ್ಕೆ ಪ್ರಕಟಿಸಿದಾಗ, ಅದರ ನಿರ್ಮಾಪಕನು ಗತಿಸಿ ಒಂದೂವರೆ ವರ್ಷವಾಗಿತ್ತು.

ಇಂಥ ಅಂತ್ಯವನ್ನು ಬಾಲಿಕೆಯರಿಗೆ ಹೇಳಬಹುದೇ ಎಂದು ಕೆಲವರು ಶಂಕಿಸಬಹುದು. ಹೇಳುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ. ಮನಸ್ಸು ಕುಗ್ಗುವುದು ಜ್ವರದಂತೆ ಒಂದು ವ್ಯಾಧಿಯೇ ಹೊರತು ಪಾಪವೂ ಅಲ್ಲ, ಹೇಡಿತನವೂ ಅಲ್ಲ. ಈಗ ಅದಕ್ಕೆ ಔಷಧವುಂಟು, ಚಿಕಿತ್ಸೆಯುಂಟು. ನಮ್ಮ ಕೋಲಾರಕ್ಕೆ ದೂರವಲ್ಲದ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯು ಇದಕ್ಕಾಗಿಯೇ ಹೆಸರಾಗಿದೆ. ತಾನು ಯಾವ ಕೆಲಸಕ್ಕೂ ಬಾರದವಳೆಂಬ ಭಾವನೆಯು ಯಾವ ಬಾಲಿಕೆಗಾದರೂ ಬಂದರೆ, ಅದನ್ನು ನುಂಗಿಕೊಂಡು ಕೂರದೆ ತಾಯಿಗಾಗಲಿ, ಅಕ್ಕನಿಗಾಗಲಿ, ಉಪಾಧ್ಯಾಯಿನಿಗಾಗಲಿ ಆ ದಿನವೇ ಹೇಳತಕ್ಕದ್ದು.

ಕ್ಯಾರೊದರ್ಸನು ತನ್ನ ವಿಷಯದಲ್ಲಿ ಕೊಟ್ಟ ತೀರ್ಪು ಎಷ್ಟು ತಪ್ಪಾಗಿತ್ತೆಂಬುದನ್ನು ಕಾಲವು ತೋರಿಸಿತು. ನೈಲಾನಿನ ಮಾತಿರಲಿ. ಆತನು ಬದಿಗಿರಿಸಿದ ಉಂಗುರಗಳ ವರ್ಗದಿಂದಲೇ 1970ರ ಸುಮಾರಿಗೆ ಶಸ್ತ್ರವೈದ್ಯರಿಗೆ ಒಂದು ಹೊಸ ದಾರ ದೊರೆಯಿತು. ಈ ದಾರದಿಂದ ಹೊಟ್ಟೆಯೊಳಗೆ ಹೊಲಿಗೆ ಹಾಕಿದರೆ, ಗಾಯವು ಮಾಯುವವರೆಗೆ ನಿಂತು, ಆಮೇಲೆ ದೇಹದ ತೇವದಲ್ಲಿ ಸಡಿಲವಾಗಿ ಕರಗಿಹೋಗುತ್ತದೆ. ಹೊಲಿಗೆ ಬಿಚ್ಚಲು ರೋಗಿಯನ್ನು ಪುನಃ ಕೊಯ್ಯಬೇಕಾಗಿಲ್ಲ. ನೀರಿನಲ್ಲಿ ಸಡಿಲವಾಗುವ ಯಾವ ಗುಣವು ಬಟ್ಟೆಗೆ ದೋಷವೆನಿಸಿತೋ ಅದೇ ಗುಣವು ಗಾಯಕ್ಕೆ ಉಪಕಾರವಾಯಿತು. ಪಿಷ್ಟದ ಸಕ್ಕರೆಯನ್ನು ಹುಳಿಯಿಸಿ ಪಡೆದ ಲ್ಯಾಕ್ಟಿಕ್ ಆಮ್ಲದಿಂದ ಲ್ಯಾಕ್ಟೈಡನ್ನು ಮಾಡಿ, ಅದರ ಸರಪಣಿಗಳಿಂದ ಲೋಟಗಳನ್ನೂ ಹಾಳೆಗಳನ್ನೂ ಈಗ ತಯಾರಿಸುತ್ತಿದ್ದಾರೆ.

ಇನ್ನೂ ಸೋಜಿಗದ ಸಂಗತಿಯೊಂದಿದೆ. ಸೀರೆಗೆ ಹಾಕುವ ಗಂಜಿಯಲ್ಲಿರುವ ಪಿಷ್ಟವು ಗ್ಲೂಕೋಸಿನ ಸರಪಣಿಯೆಂಬುದು ಸರಿಯಷ್ಟೆ. ಕೆಲವು ಸೂಕ್ಷ್ಮ ಜೀವಿಗಳು ಆ ಸರಪಣಿಯ ತುಂಡನ್ನು ಕತ್ತರಿಸಿ ಅದರ ಎರಡು ತುದಿಗಳನ್ನು ಕೂಡಿಸಿ ಬಳೆಯಂತೆ ಮಾಡುತ್ತವೆ. ಫ್ರಾನ್ಸಿನ ವಿಲ್ಯೆ ಎಂಬಾತನು 1891ರಲ್ಲಿ ಇದರ ಹರಳುಗಳನ್ನು ಮೊದಲು ಕಂಡನು. ವಿಯೆನ್ನಾ ನಗರದ ಶಾರ್ಡಿಂಗರನು 1903ರಿಂದ ಇವನ್ನು ಕ್ರಮವಾಗಿ ಪರೀಕ್ಷಿಸಿದನು. ಸೈಕ್ಲೊಡೆಕ್ಸ್ಟ್ರಿನ್ ಎಂಬ ಈ ಬಳೆಗಳಲ್ಲಿ ಆರು, ಏಳು ಅಥವಾ ಎಂಟು ಗ್ಲೂಕೋಸುಗಳಿರುತ್ತವೆ. ಹೊರಭಾಗವು ನೀರಿಗೆ ಒಗ್ಗುತ್ತದೆ, ಒಳಭಾಗವು ಎಣ್ಣೆಯಂತಹ ವಸ್ತುಗಳಿಗೆ ಎಡೆಗೊಡುತ್ತದೆ. ಆದುದರಿಂದ ನೀರಿನಲ್ಲಿ ಕರಗದ ಔಷಧಗಳನ್ನು ಇವುಗಳಲ್ಲಿ ಅಡಗಿಸಿ ಕರಗಿಸಬಹುದು, ಕಹಿಯನ್ನೂ ಮರೆಮಾಡಬಹುದು.

ಏಳು ಗ್ಲೂಕೋಸುಗಳ ಬಳೆಯಲ್ಲಿ ಹೈಡ್ರಾಕ್ಸಿಲ್ ಎಂಬ 21 ಕೈಗಳಿವೆ. ಏಳು ಕೈಗಳು ಬಳೆಯ ಒಂದು ಅಂಚಿನಲ್ಲಿಯೂ ಹದಿನಾಲ್ಕು ಇನ್ನೊಂದು ಅಂಚಿನಲ್ಲಿಯೂ ಇರುತ್ತವೆ. ಮೇಲೆ ಹೇಳಿದ ಆಟದಲ್ಲಿ ವೃತ್ತವನ್ನು ಬಿಡಿಸಿದ ಹೊರಗಿನವಳ ಸ್ಥಾನದಲ್ಲಿ ಈ ಬಳೆಯನ್ನು ನಿಲ್ಲಿಸಿ, ಲ್ಯಾಕ್ಟೈಡನ್ನಾಗಲಿ ಕ್ಯಾಪ್ರೊಲ್ಯಾಕ್ಟೋನನ್ನಾಗಲಿ ಸೇರಿಸಿ, ತವರದ ಒಂದು ಸಂಯುಕ್ತವನ್ನು ಪ್ರೇರಕವಾಗಿ ಸ್ವಲ್ಪ ಬೆರೆಸಿ ಕಾಯಿಸಿದರೆ, ಬಳೆಯ ಕೈಗಳಿಂದ ಸುತ್ತಲೂ ಸರಪಣಿಗಳು ಬೆಳೆಯುತ್ತವೆ. ರಂಗೋಲಿಯ ನಕ್ಷತ್ರದಂತೆ ನಡುವಿನಿಂದ ಕಿರಣಗಳು ಹೊರಡುವುದರಿಂದ ಇದಕ್ಕೆ ನಕ್ಷತ್ರಾಕಾರದ ಪಾಲಿಮರ್ ಎಂದು ಹೆಸರು. ಎಲ್ಲ ಕೈಗಳೂ ಸಮನಾಗಿ ದುಡಿಯುವುದಿಲ್ಲ. ಇಕ್ಕಟ್ಟಿನಲ್ಲಿರುವುವು ಹಿಂಜರಿಯುತ್ತವೆ. ಬೇಕಾದಷ್ಟೇ ಕಿರಣಗಳನ್ನು ಪಡೆಯಲು ಕೆಲವು ಕೈಗಳಿಗೆ ಮೊದಲೇ ಮುಚ್ಚಳವಿಟ್ಟು, ಉಳಿದವುಗಳಿಂದ ಮಾತ್ರ ಸರಪಣಿ ಬೆಳೆಸುವುದೂ ಉಂಟು. ಬಳೆಗಳೆಷ್ಟು, ಉಂಗುರಗಳೆಷ್ಟು ಎಂಬ ಪ್ರಮಾಣವನ್ನು ಬದಲಿಸಿದರೆ ಕಿರಣಗಳ ಉದ್ದವೂ ಬದಲಾಗುವುದು. ಅಷ್ಟೇ ತೂಕದ ನೇರ ಸರಪಣಿಗಿಂತ ಈ ನಕ್ಷತ್ರವು ಒತ್ತಾಗಿರುವುದರಿಂದ ಕರಗಿದಾಗ ಹೆಚ್ಚು ತೆಳ್ಳಗೆ ಹರಿಯುತ್ತದೆ. ಔಷಧವನ್ನು ಹೊತ್ತು ದೇಹದಲ್ಲಿ ಮೆಲ್ಲಮೆಲ್ಲನೆ ಬಿಡುವ ವಾಹನವಾಗಿ ಇದನ್ನು ಬಳಸಲು ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ. ಈ ನಕ್ಷತ್ರದ ಹೆಸರನ್ನು ಕ್ಯಾರೊದರ್ಸನು ಕೇಳಿರಲಿಲ್ಲ. ಆದರೆ ಅದರ ಕಿರಣಗಳು ಬೆಳೆಯುವ ಮಾರ್ಗವು ಆತನು 1932ರಲ್ಲಿಯೂ 1934ರಲ್ಲಿಯೂ ನಡೆದು ತೋರಿಸಿದ ಮಾರ್ಗವೇ ಆಗಿದೆ.

ಪ್ರಿಯ ವಿದ್ಯಾರ್ಥಿನಿಯರೇ, ಈ ಚರಿತ್ರೆಯಿಂದ ನೀವು ಗ್ರಹಿಸಬೇಕಾದುದು ಒಂದುಂಟು. ವಸ್ತುವಿನ ಬೆಲೆಯಾಗಲಿ ಮನುಷ್ಯನ ಬೆಲೆಯಾಗಲಿ ಒಂದು ದಿನದ ತಕ್ಕಡಿಯಲ್ಲಿ ತೂಗಿ ಮುಗಿಯುವುದಲ್ಲ. ಒಂದು ಪರೀಕ್ಷೆಯಲ್ಲಿ ಕಡಮೆ ಅಂಕ ಬಂದವಳು, ಒಂದು ಕೆಲಸದಲ್ಲಿ ಹಿಂದೆ ಬಿದ್ದವಳು, ತಾನೇ ತನ್ನ ಮೇಲೆ ಕೊನೆಯ ತೀರ್ಪನ್ನು ಕೊಟ್ಟುಕೊಳ್ಳಬಾರದು. ಮಾಡಿದ ಕೆಲಸವನ್ನು ಸತ್ಯವಾಗಿ, ಅಚ್ಚುಕಟ್ಟಾಗಿ ಬರೆದಿಟ್ಟರೆ, ಇಂದು ಉಪಯೋಗಕ್ಕೆ ಬಾರದುದು ನಾಳೆ ಬೇರೊಬ್ಬರ ಕೈಯಲ್ಲಿ ಫಲಕೊಟ್ಟೀತು. ನಿಮ್ಮ ಮನೆಯ ಚಂದ್ರಿಕೆಯಲ್ಲಿ ಹುಳು ಗೂಡು ಕಟ್ಟುವಾಗ, ಮೊಸರು ಹುಳಿಯಾಗುವಾಗ, ಅನ್ನದ ಗಂಜಿ ಬಸಿಯುವಾಗ, ಏಕೆ, ಹೇಗೆ ಎಂದು ಕೇಳುವ ಅಭ್ಯಾಸವನ್ನು ಬೆಳೆಸಿಕೊಳ್ಳಿರಿ. ಈ ನಾಲ್ಕು ತಾಲ್ಲೂಕುಗಳ ಬಾಲಿಕೆಯರಲ್ಲಿ ಯಾರಾದರೊಬ್ಬಳು ಮುಂದೊಂದು ದಿನ ಆ ಪ್ರಶ್ನೆಗೆ ಹೊಸದೊಂದು ಉತ್ತರವನ್ನು ಕಾಣಲೆಂದು ನಾವು ಹಾರೈಸುತ್ತೇವೆ.